ಸುರಪುರದ ಗುಂಡು, ಶ್ರೋಡಿಂಗರ್ ಬೆಕ್ಕು

ಮೊದಲಿಗೆ ಒಂದು ತಪ್ಪೊಪ್ಪಿಗೆ. ಸುರಪುರದ ರಾಜಾ ವೆಂಕಟಪ್ಪ ನಾಯಕರ ಸಾವಿನ ಬಗ್ಗೆ ಮಾತಾಡ್ತಾ, ‘ಅದು ನಮ್ಮ ಶ್ರೋಡಿಂಗರ್ ಬೆಕ್ಕು’ ಅಂತ ಇದೇ ಸ್ಟುಡಿಯೋದಲ್ಲಿ ಹೇಳಿಬಿಟ್ಟಿದ್ದೆ. ಕೇಳೋಕೆ ಚೆನ್ನಾಗಿತ್ತು. ಆದರೆ ತಪ್ಪು.

ಯಾದಗಿರಿಯಿಂದ ಶಹಾಪುರ ದಾಟಿ ಹೋದರೆ ಸುರಪುರ. 1858ರ ಫೆಬ್ರವರಿಯಲ್ಲಿ ಬ್ರಿಟಿಷರು ಅದರ ಮೇಲೆ ಬಿದ್ದರು. ಹೈದರಾಬಾದಿಗೆ ಹೋದ ತರುಣ ದೊರೆ ಸೆರೆಸಿಕ್ಕರು. ಮರಣದಂಡನೆ ತಗ್ಗುತ್ತಾ ಬಂದು, ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷ ಸೆರೆ ಅಂತಾಯಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿ ತನ್ನ ರಿವಾಲ್ವರ್ ಬಿಟ್ಟು ಹೊರಗೆ ಹೋದ. ಗುಂಡಿನ ಸದ್ದು. ಓಡಿಬಂದು ನೋಡಿದರೆ ರಾಜರು ಸತ್ತುಬಿದ್ದಿದ್ದರು. ಅವರನ್ನು ಬಾಲ್ಯದಿಂದ ಬಲ್ಲ, ಅವರ ಬಾಯಲ್ಲಿ ‘ಅಪ್ಪಾ’ ಅನ್ನಿಸಿಕೊಂಡ ಮೆಡೋಸ್ ಟೇಲರ್ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ. ಬೇಕೆಂದೇ ಹೊಡೆದುಕೊಂಡದ್ದೋ, ಕೈತಪ್ಪಿ ಹಾರಿದ್ದೋ, ಖಚಿತವಾಗಿ ಗೊತ್ತಿಲ್ಲ. ಬ್ರಿಟಿಷರೇ ಮುಗಿಸಿದರು ಅನ್ನುವವರೂ ಇದ್ದಾರೆ.

ಇನ್ನು ಬೆಕ್ಕಿನ ಕಥೆ. 1935ರಲ್ಲಿ ಐನ್‌ಸ್ಟೈನ್ ಶ್ರೋಡಿಂಗರ್‌ಗೆ ಪತ್ರ ಬರೆದು, ಕ್ವಾಂಟಂ ಲೆಕ್ಕವನ್ನೇ ನಂಬಿದರೆ ಮದ್ದಿನ ರಾಶಿ ಸಿಡಿದೂ ಇರುತ್ತೆ, ಸಿಡಿಯದೆಯೂ ಇರುತ್ತೆ, ಇದೆಂಥಾ ಮಾತು ಎಂದರು. ಅದೇ ವರ್ಷ ಶ್ರೋಡಿಂಗರ್ ಒಂದು ಪೆಟ್ಟಿಗೆಯಲ್ಲಿ ಬೆಕ್ಕು, ವಿಷ, ಚೂರು ವಿಕಿರಣ ವಸ್ತು ಇಟ್ಟರು. ಕಾಗದದ ಮೇಲೆ ಮಾತ್ರ ಸ್ವಾಮಿ, ಯಾವ ಬೆಕ್ಕೂ ಸತ್ತಿಲ್ಲ! ತೆರೆದು ನೋಡುವ ತನಕ ಬೆಕ್ಕು ಸತ್ತೂ ಇದೆ, ಬದುಕೂ ಇದೆ ಅನ್ನುತ್ತೆ ಆ ಲೆಕ್ಕ. ಅವರು ಇದನ್ನು ಹೇಳಿದ್ದು ಹೊಗಳೋಕಲ್ಲ, ಅಣಕಿಸೋಕೆ.

ನಾನು ಎಡವಿದ್ದೆಲ್ಲಿ? ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಎರಡು ಸೀಳುಗಳತ್ತ ಬಿಡಿ. ಪರದೆ ಮೇಲೆ ನಿಧಾನಕ್ಕೆ ಪಟ್ಟೆಗಳು ಮೂಡುತ್ತವೆ. ಒಂದು ಸೀಳಲ್ಲಿ ಹೋಗುವ ಕಣಕ್ಕೆ ಇನ್ನೊಂದು ಸೀಳಿನ ಸುದ್ದಿಯೇ ಇಲ್ಲದಿದ್ದರೆ ಆ ಪಟ್ಟೆ ಬರಬಾರದು. ಯಾವ ಸೀಳು ಅಂತ ಪತ್ತೆಹಚ್ಚಿದಿರೋ, ಪಟ್ಟೆ ಮಾಯ! ಅಂದರೆ ಇಲ್ಲಿರೋದು ಬರೀ ನಮ್ಮ ಅಜ್ಞಾನವಲ್ಲ. (ಇಂಜಿನಿಯರಿಂಗಲ್ಲಿ ಇದನ್ನು ಅಂಕಕ್ಕಾಗಿ ಉರುಹೊಡೆದವನು ನಾನು. ಅರ್ಥವಾದದ್ದು ಬಹಳ ತಡವಾಗಿ.)

ವೆಂಕಟಪ್ಪ ನಾಯಕರ ವಿಷಯ ಹಾಗಲ್ಲ. ಅಧಿಕಾರಿ ಬಂದು ನೋಡುವ ಮೊದಲೇ ಗುಂಡು ಹಾರಿತ್ತು. ಅಲ್ಲಿ ನಡೆದದ್ದು ಒಂದೇ, ನಮಗೆ ಗೊತ್ತಿಲ್ಲ ಅಷ್ಟೇ. ಬೆಕ್ಕಿನ ಹೆಸರು ಹೇಳಿ ‘ಎಲ್ಲವೂ ನಿಜ’ ಅಂತ ಮುಗಿಸಿಬಿಟ್ಟರೆ, ಟ್ರಿಗರ್ ಮೇಲಿದ್ದ ಬೆರಳು ಯಾರದು ಅಂತ ಕೇಳೋದನ್ನೇ ಬಿಟ್ಟಹಾಗೆ. ಅವತ್ತು ನಾನು ಮಾಡಿದ್ದು ಅದೇ.