ಗಾಜಿನೊಳಗಿನ ಪೆಂಗ್ವಿನ್, ಹೊರಗಿನ ಸೊಳ್ಳೆ

ಭಾನುವಾರ ಮುಂಬ್ರಾದಲ್ಲಿ ಸ್ಲೋ ಲೋಕಲ್ ಹತ್ತಿ, ಮಕ್ಕಳನ್ನು ಕಟ್ಟಿಕೊಂಡು ಬೈಕಲಾದಲ್ಲಿ ಇಳಿಯುವ ಸಂಸಾರ ರಾಣಿ ಬಾಗಿಗೆ ಹೊರಟಿದೆ ಎಂದೇ ತಿಳಿಯಬೇಕು. 1862ರಲ್ಲಿ ವಿಕ್ಟೋರಿಯಾ ಗಾರ್ಡನ್ಸ್ ಎಂದು ತೆರೆದ ಆ ತೋಟದ ಮೃಗಾಲಯಕ್ಕೆ 2016ರಲ್ಲಿ ದಕ್ಷಿಣ ಕೊರಿಯಾದಿಂದ ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು. ಅವುಗಳ ತಣ್ಣಗಿನ ಗಾಜಿನ ಮನೆ ಮುಂಬಯಿಯ ಸೆಕೆಗೆ ಹೂಡಿದ ಉಪಾಯ ಎಂದು ನೋಡಿದವರೆಲ್ಲ ಊಹಿಸುತ್ತಾರೆ. ಆ ಗಾಜು ಸೊಳ್ಳೆಯನ್ನೂ ತಡೆಯುತ್ತದೆ. ಬಯಲಲ್ಲಿ ಪೆಂಗ್ವಿನ್ ಸಾಕಿದ ಹಲವು ದೇಶಗಳ ಮೃಗಾಲಯಗಳಲ್ಲಿ ಅವು ಹಕ್ಕಿ ಮಲೇರಿಯಾದಿಂದ ಸತ್ತಿವೆ. ಊರಿನ ಗುಬ್ಬಿ ಆ ರೋಗಾಣುವನ್ನು ಹೊತ್ತುಕೊಂಡೇ ಹಾರಾಡುತ್ತಿರುತ್ತದೆ. ಅದರ ರಕ್ತ ಹೀರಿದ ಸೊಳ್ಳೆ ಪೆಂಗ್ವಿನ್‌ಗೆ ಕಚ್ಚಿದರೆ ಕಥೆ ಮುಗಿಯಿತು.

ಹಕ್ಕಿ ಮಲೇರಿಯಾ ಮನುಷ್ಯರಿಗೆ ತಗಲುವುದಿಲ್ಲ. ಆದರೆ ಮನುಷ್ಯರ ಮಲೇರಿಯಾದ ಗುಟ್ಟು ಬಿಚ್ಚಿಕೊಂಡದ್ದು ಅದರಿಂದಲೇ. ರೊನಾಲ್ಡ್ ರಾಸ್ 1883ರ ಸುಮಾರಿಗೆ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ. ಕಿಟಕಿಯಾಚೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ಅದನ್ನು ಬರಿದು ಮಾಡಿಸಿದ. ಕೋಣೆಯಲ್ಲಿ ಸೊಳ್ಳೆ ಕಡಿಮೆಯಾಯಿತು. ಉಳಿದ ಪಾತ್ರೆಗಳನ್ನೂ ಬರಿದು ಮಾಡೋಣವೆಂದರೆ ಮೇಲಿನ ಅಧಿಕಾರಿ ಸೃಷ್ಟಿಯ ನಿಯಮ ಕೆಡಿಸಬಾರದೆಂದು ತಡೆದನಂತೆ. (ಅಂಥವರು ಎಲ್ಲ ಕಚೇರಿಗಳಲ್ಲೂ ಒಬ್ಬರಿರುತ್ತಾರೆ.) 1898ರಲ್ಲಿ ಕಲ್ಕತ್ತೆಯಲ್ಲಿ ರಾಸ್ ಪಂಜರದ ಹಕ್ಕಿಗಳನ್ನಿಟ್ಟುಕೊಂಡು, ರೋಗಾಣು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಬಂದು, ಕಡಿತದ ಮೂಲಕ ಇನ್ನೊಂದು ಹಕ್ಕಿಗೆ ದಾಟುವುದನ್ನು ತೋರಿಸಿದ. 1902ರ ನೊಬೆಲ್ ಬಂದದ್ದು ಈ ಕೆಲಸಕ್ಕೆ.

ಪಂಜರದ ಹಕ್ಕಿ ಮತ್ತೊಮ್ಮೆ ಸಾಕ್ಷಿ ನುಡಿಯಲು ನೂರು ವರ್ಷ ಬೇಕಾಯಿತು. 1999ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಕಾಗೆಗಳು ಸತ್ತು ಬೀಳುತ್ತಿದ್ದವು. ಆಗಸ್ಟಿನಲ್ಲಿ ಕ್ವೀನ್ಸ್ ಭಾಗದ ವಯಸ್ಸಾದ ಕೆಲವರು ಮೆದುಳು ಜ್ವರದಿಂದ ಆಸ್ಪತ್ರೆ ಸೇರಿದರು. ಆರೋಗ್ಯ ಇಲಾಖೆ ಅದನ್ನು ಸೇಂಟ್ ಲೂಯಿಸ್ ಎನ್‌ಸೆಫಲೈಟಿಸ್ ಎಂದು ಸಾರಿ ಸೊಳ್ಳೆಗೆ ಮದ್ದು ಹೊಡೆಸಿತು. ಅದೇ ಹೊತ್ತಿಗೆ ಬ್ರಾಂಕ್ಸ್ ಮೃಗಾಲಯದಲ್ಲಿ ಫ್ಲೆಮಿಂಗೋಗಳು ಸಾಯತೊಡಗಿದವು. ಅಲ್ಲಿನ ರೋಗಶಾಸ್ತ್ರಜ್ಞೆ ಟ್ರೇಸಿ ಮೆಕ್‌ನಮಾರಾ ಹೆಣಗಳನ್ನು ಕೊಯ್ದು ನೋಡಿದರು. ಸೇಂಟ್ ಲೂಯಿಸ್ ವೈರಸ್ ಹಕ್ಕಿಗಳನ್ನು ಕೊಲ್ಲುವಂಥದ್ದಲ್ಲ. ಕುದುರೆಗಳ ಮೆದುಳು ಜ್ವರವೆನ್ನೋಣವೆಂದರೆ, ಅದಕ್ಕೆ ಮೊದಲು ಬಲಿಯಾಗಬೇಕಾದ ಎಮುಗಳು ಆರಾಮಾಗಿದ್ದವು. ಹಾಗಾದರೆ ಜನರ ಜ್ವರಕ್ಕೆ ಇಟ್ಟ ಹೆಸರೇ ತಪ್ಪಿರಬೇಕು. ಮನುಷ್ಯರ ರೋಗ ನೋಡುವವರು ಹಕ್ಕಿಗಳ ಡಾಕ್ಟರ ಮಾತನ್ನು ಮೊದಲಿಗೆ ಕಿವಿಗೆ ಹಾಕಿಕೊಳ್ಳಲಿಲ್ಲ. ಸೆಪ್ಟೆಂಬರ್ ಕೊನೆಗೆ ಉತ್ತರ ಹೊರಬಿತ್ತು: ಅಮೆರಿಕ ಖಂಡದಲ್ಲಿ ಅದುವರೆಗೆ ಕಾಣದಿದ್ದ ವೆಸ್ಟ್ ನೈಲ್ ವೈರಸ್. ಆ ವರ್ಷ 62 ಮಂದಿ ತೀವ್ರವಾಗಿ ಕಾಯಿಲೆ ಬಿದ್ದರು, 7 ಮಂದಿ ಸತ್ತರು. ಆಮೇಲೆ ಅಲ್ಲಿನ ಮೃಗಾಲಯಗಳು ಹಕ್ಕಿಗಳ ಸಾವಿನ ವರದಿಯನ್ನು ಆರೋಗ್ಯ ಇಲಾಖೆಗೆ ಕಳಿಸುವ ಜಾಲ ಕಟ್ಟಿಕೊಂಡವು.

ಪ್ರಾಣಿಯ ಸಾವು ಮೊದಲು ಸುದ್ದಿ ಕೊಡುತ್ತದೆ ಎಂಬುದನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ, ಸೊಳ್ಳೆ ಹರಡುವ ಹಳದಿ ಜ್ವರ ಭಾರತಕ್ಕೆ ಬಂತೇ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಗಾಬರಿಯಿಂದ ಬಂದರು. ಸಿಕ್ಕಿದ್ದು ಹೊಸ ವೈರಸ್, ಹರಡುತ್ತಿದ್ದದ್ದು ಉಣುಗು. ಹೆಣ ಪರೀಕ್ಷಿಸದೆ ಬರೀ ಸೊಳ್ಳೆಯ ಹಿಂದೆ ಬಿದ್ದಿದ್ದರೆ ಮಂಗನ ಕಾಯಿಲೆ ಪತ್ತೆಯಾಗುತ್ತಿರಲಿಲ್ಲ.

ಮುಂಬಯಿಗೆ ವೆಸ್ಟ್ ನೈಲ್ ಹೊಸದೂ ಅಲ್ಲ. ಭಾರತದಲ್ಲಿ ಅದರ ಕುರುಹು ಮೊದಲು ಸಿಕ್ಕಿದ್ದು 1952ರಲ್ಲಿ, ಈ ನಗರದ ಜನರ ರಕ್ತದಲ್ಲಿ. ಅದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಬೇಕಾದದ್ದು ಕೊಳಚೆ ನೀರು. ಡೆಂಗಿಯ ಈಡಿಸ್‌ಗೆ ತಿಳಿನೀರು ಸಾಕು. ಮೃಗಾಲಯದಲ್ಲಿ ಎರಡೂ ಉಂಟು: ಕಂದಕ, ಕೊಳ, ಕುಡಿಯುವ ತೊಟ್ಟಿ, ಮರದ ಪೊಟರೆ. ಮದ್ದು ಹೊಡೆದರೆ ಮೀನಿಗೂ ಕಪ್ಪೆಗೂ ಕುತ್ತು. ಹಾಗಾಗಿ ಕಣ್ಗಾವಲೆಂದರೆ ನಿಧಾನದ ಕೆಲಸ. ಬೆಳಕಿನ ಬಲೆಯಲ್ಲಿ ಸೊಳ್ಳೆ ಹಿಡಿದು ಜಾತಿ ಬೇರ್ಪಡಿಸಬೇಕು, ಅದರ ಹೊಟ್ಟೆಯಲ್ಲಿರುವುದು ಜಿಂಕೆಯ ರಕ್ತವೋ ಕಾವಲುಗಾರನದೋ ನೋಡಬೇಕು, ವೈರಸ್ ಹುಡುಕಬೇಕು. ಸತ್ತ ಪ್ರತಿಯೊಂದು ಹಕ್ಕಿಯನ್ನೂ ಕೊಯ್ಯಬೇಕು.

ಸಂಜೆ ಮುಂಬ್ರಾಕ್ಕೆ ಮರಳುವ ಲೋಕಲ್ ಠಾಣೆ ದಾಟಿದ ಮೇಲೆ ಖಾಡಿಯನ್ನೂ ದಾಟುತ್ತದೆ. ಅದೇ ಖಾಡಿಯ ಕೆಳಭಾಗದಲ್ಲಿ, ಐರೋಲಿಯ ಬದಿಗೆ, ಚಳಿಗಾಲದಿಂದ ಮಳೆ ಶುರುವಾಗುವವರೆಗೆ ಸಾವಿರಾರು ಫ್ಲೆಮಿಂಗೋಗಳು ಕೆಸರಿನಲ್ಲಿ ನಿಂತಿರುತ್ತವೆ. ಅವಕ್ಕೆ ಗಾಜಿನ ಮನೆಯಿಲ್ಲ.