ದೇವಗಿರಿಯ ಮೂಟೆ, ಖಡಕಿಯ ನಹರು

ಸೇವುಣರ ರಾಜಧಾನಿಯಾಗಿದ್ದ ದೇವಗಿರಿಯು ಕನ್ನಡಿಗರಿಗೆ ಅಪರಿಚಿತವಾದ ಸ್ಥಳವಲ್ಲ. ಕವಿರಾಜಮಾರ್ಗವು ಕನ್ನಡನಾಡಿನ ಬಡಗಣ ಎಲ್ಲೆಯೆಂದು ಹೇಳುವ ಗೋದಾವರಿಯ ಸೀಮೆಯಲ್ಲಿಯೇ ಅದು ಇದೆ. ಆ ಅರಸರ ಕಾಲದ ಕನ್ನಡ ಶಾಸನಗಳೂ ಬಹುಸಂಖ್ಯೆಯಲ್ಲಿ ದೊರೆತಿವೆ. ಇಂದಿನ ಛತ್ರಪತಿ ಸಂಭಾಜಿನಗರಕ್ಕೆ ಸಮೀಪವಾಗಿರುವ ಈ ಗಿರಿದುರ್ಗವನ್ನು ಅಲ್ಲಾವುದ್ದೀನ ಖಿಲ್ಜಿಯು 1296ರಲ್ಲಿ ಮುತ್ತಿದನು. ಆಗ ನಡೆದ ಸಂಗತಿಯೊಂದನ್ನು ಫೆರಿಷ್ತಾ ಬರೆದಿಟ್ಟಿದ್ದಾನೆ. ಕೊಂಕಣದಿಂದ ಬಂದಿದ್ದ ವರ್ತಕರ ಮೂಟೆಗಳನ್ನು ಧಾನ್ಯವೆಂದು ಭಾವಿಸಿ ಅವಸರದಿಂದ ಕೋಟೆಯೊಳಕ್ಕೆ ಸಾಗಿಸಲಾಗಿತ್ತು. ಬಿಚ್ಚಿ ನೋಡಿದಾಗ ಅವುಗಳಲ್ಲಿದ್ದುದು ಉಪ್ಪು! ರಾಮಚಂದ್ರನು ಸಂಧಿಗೆ ಒಪ್ಪದೆ ಗತ್ಯಂತರವಿರಲಿಲ್ಲ. ಕಥೆಯಲ್ಲಿ ಉತ್ಪ್ರೇಕ್ಷೆಯಿರಬಹುದು, ಆದರೆ ದಾಸ್ತಾನನ್ನು ಕಾಲಕಾಲಕ್ಕೆ ತೆರೆದು ನೋಡದವನ ಪಾಡು ಹೀಗೆಯೇ ಎಂಬುದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಮೂರು ಶತಮಾನಗಳ ತರುವಾಯ ಇದೇ ಸೀಮೆಯಲ್ಲಿ ಬೇರೊಂದು ಬಗೆಯ ದೂರದೃಷ್ಟಿಯನ್ನು ಕಾಣುತ್ತೇವೆ. ಅಬಿಸೀನಿಯದಿಂದ ಗುಲಾಮನಾಗಿ ಬಂದು ಅಹಮದನಗರದ ನಿಜಾಮಶಾಹಿಯ ಸೂತ್ರಧಾರನಾದ ಮಲಿಕ್ ಅಂಬರನು 1610ರಲ್ಲಿ ಖಡಕಿ ಎಂಬ ಹಳ್ಳಿಯಲ್ಲಿ ನಗರವನ್ನು ನೆಲೆಗೊಳಿಸಿದನು. ಇಂದಿನ ಸಂಭಾಜಿನಗರವು ಅದೇ. 1616ರಲ್ಲಿ ಮೊಗಲ ಸೈನ್ಯವು ಊರನ್ನು ಹಾಳುಗೆಡವಿದರೂ ಅದು ಮತ್ತೆ ಎದ್ದಿತು. ಇದಕ್ಕೆ ಆಧಾರವಾದುದು ನಹರೆ ಅಂಬರಿ ಎಂಬ ಜಲವ್ಯವಸ್ಥೆ. ಉತ್ತರದ ಗುಡ್ಡಗಳ ತಪ್ಪಲಿನಲ್ಲಿ ಅಂತರ್ಜಲವನ್ನು ಹಿಡಿದು, ನೆಲದಡಿಯ ಕಲ್ಲುಗಾಲುವೆಯಲ್ಲಿ ಕೇವಲ ಇಳಿಜಾರಿನ ಬಲದಿಂದ ಅದನ್ನು ಊರಿಗೆ ತರಲಾಗುತ್ತಿತ್ತು. ಗಾಳಿಯಾಡಲೂ ಹೂಳೆತ್ತಲೂ ದಾರಿಯುದ್ದಕ್ಕೆ ಬಾವಿಯಂಥ ಬಾಯಿಗಳಿದ್ದವು. ಊರೊಳಗೆ ಮಣ್ಣಿನ ಕೊಳವೆಗಳೂ ಗಾರೆಯ ನೀರುಗಂಬಗಳೂ ನೀರನ್ನು ಹಂಚುತ್ತಿದ್ದವು. ನೀರು ನೆಲದಡಿಯಲ್ಲಿದ್ದುದರಿಂದ ಬೇಸಗೆಯ ಬಿಸಿಲಿಗೆ ಆರಿಹೋಗುವುದು ಕಡಿಮೆ; ಮುತ್ತಿಗೆ ಹಾಕಿದ ಶತ್ರುವಿಗೆ ಅದನ್ನು ಹುಡುಕಿ ಕಡಿಯುವುದೂ ಸುಲಭವಲ್ಲ. ಬರ ಮತ್ತು ಯುದ್ಧ ಎರಡಕ್ಕೂ ಒಂದೇ ಕಟ್ಟಡವು ಉತ್ತರವಾಗಿತ್ತು. ಹೂಳೆತ್ತುವ ಬಾಯಿಗಳನ್ನು ಮೊದಲೇ ಯೋಜಿಸಿದ್ದೇ ಇದರ ಹೆಚ್ಚಳವೆನ್ನಬೇಕು. ಮುಂದೆ ಊರು ಬೆಳೆದಂತೆ ಈ ಬಾಯಿಗಳಲ್ಲಿ ಎಷ್ಟೋ ಕಟ್ಟಡಗಳ ಕೆಳಗೆ ಮುಚ್ಚಿಹೋದವು.

ಅಂಬರನು 1626ರಲ್ಲಿ ತೀರಿಕೊಂಡನು. 1630ರಿಂದ 1632ರವರೆಗೆ ದಕ್ಷಿಣಾಪಥವನ್ನೂ ಗುಜರಾತನ್ನೂ ಘೋರವಾದ ಕ್ಷಾಮವು ಆವರಿಸಿತು. ಶಹಜಹಾನನು ಬುರ್ಹಾನಪುರ ಮೊದಲಾದೆಡೆ ಗಂಜಿಕೇಂದ್ರಗಳನ್ನು ತೆರೆಸಿ ಕಂದಾಯವನ್ನೂ ಮನ್ನಾ ಮಾಡಿದನು. ಆದರೆ ಇವು ಜನ ಸಾಯತೊಡಗಿದ ಮೇಲಿನ ಉಪಾಯಗಳು.

ಗೋದಾವರಿಯ ಮೇಲ್ದಂಡೆಯ ನಾಸಿಕದಲ್ಲಿ ವಿಪತ್ತು ನೀರಿನ ಕೊರತೆಯಿಂದಲ್ಲ, ಅದರ ಆಧಿಕ್ಯದಿಂದ ಬರುತ್ತದೆ. ಅಲ್ಲಿ ನದಿಯ ಪಾತ್ರದಲ್ಲಿರುವ ‘ದುತೋಂಡ್ಯಾ ಮಾರುತಿ’, ಅಂದರೆ ಎರಡು ಮುಖದ ಹನುಮನ ಮೂರ್ತಿಯೇ ಊರಿನವರಿಗೆ ನೆರೆಯ ಅಳತೆಗೋಲು. ನೀರು ಮಂಡಿಗೆ ಬಂದಿತೋ, ಸೊಂಟಕ್ಕೋ, ಕೊರಳಿಗೋ ಎಂಬುದನ್ನು ನೋಡಿ ಸಮೀಪದ ಸರಾಫ ಬಜಾರದ ಅಂಗಡಿಕಾರರು ಸರಕನ್ನು ಮೇಲಕ್ಕೆ ಸಾಗಿಸುತ್ತಾರೆ. 1965ರಲ್ಲಿ ಗಂಗಾಪುರ ಅಣೆಕಟ್ಟು ಪೂರ್ಣವಾದ ಮೇಲೆಯೂ 1969ರಲ್ಲಿ, ಮತ್ತೆ 2008ರಲ್ಲಿ ಮಹಾಪೂರ ಬಂದುದರಿಂದ ಈ ಅಳತೆಯು ನಿರುಪಯುಕ್ತವಾಗಲಿಲ್ಲ. ಅಕ್ಷರ ಬಾರದವನೂ ಓದಬಲ್ಲ ಇಂಥ ಸೂಚನೆಯನ್ನು ಇಂದಿನ ಯೋಜಕರು ಹಗುರವಾಗಿ ಕಾಣಲಾಗದು.

ನೀರಿಗೆ ಅಳತೆಯಿದ್ದ ಈ ಊರಿನಲ್ಲಿ ಜನಸಂದಣಿಗೆ ಅಳತೆಯಿರಲಿಲ್ಲ. 2003ರ ಆಗಸ್ಟ್ 27ರಂದು ಕುಂಭಮೇಳದಲ್ಲಿ ರಾಮಕುಂಡಕ್ಕೆ ಹೋಗುವ ಇಕ್ಕಟ್ಟಾದ ದಾರಿಯಲ್ಲಿ ನೂಕುನುಗ್ಗಲಾಗಿ 39 ಮಂದಿ ಸತ್ತರು. 2015ರ ಮೇಳಕ್ಕೆ ಮುನ್ನ ಹೊಸ ಘಾಟುಗಳನ್ನು ಕಟ್ಟಿಸಿ, ಬರುವ ದಾರಿಯನ್ನೂ ಹೋಗುವ ದಾರಿಯನ್ನೂ ಬೇರ್ಪಡಿಸಲಾಯಿತು.