ಮಡಿಲಿಂದ ಇಳಿದ ಕೂಸು

ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾ ದೇಶದ ಗಾ ಭಾಷೆಯಲ್ಲಿ ‘ಕ್ವಾಶಿಯೋರ್ಕರ್’ ಎಂಬ ಒಂದು ಪದವಿದೆ. ಇನ್ನೊಂದು ಕೂಸು ಹುಟ್ಟಿದಾಗ ಮೊದಲಿನ ಕೂಸಿಗೆ ತಗಲುವ ಕಾಯಿಲೆ ಎಂಬುದು ಅದರ ಭಾವಾರ್ಥ. ಮಡಿಲು ಹೊಸ ಮಗುವಿನ ಪಾಲಾಗುತ್ತದೆ, ಹಾಲೂ ಅದರದೇ ಆಗುತ್ತದೆ. ಕೆಳಗಿಳಿದ ಮಗು ಮೆಕ್ಕೆಜೋಳದ ಗಂಜಿ ಕುಡಿದು ಬದುಕಬೇಕು. ಕೆಲವು ತಿಂಗಳಲ್ಲಿ ಅದರ ಕೈಕಾಲು ಊದಿಕೊಳ್ಳುತ್ತವೆ, ಚರ್ಮ ಸುಲಿಯುತ್ತದೆ, ಕೂದಲು ಬಣ್ಣಗೆಡುತ್ತದೆ. ಊರಿನ ಹೆಂಗಸರಿಗೆ ಇದೆಲ್ಲ ಗೊತ್ತಿತ್ತು. ವೈದ್ಯಶಾಸ್ತ್ರಕ್ಕೆ ಗೊತ್ತಿರಲಿಲ್ಲ.

ಅದನ್ನು ಶಾಸ್ತ್ರದ ಕಿವಿಗೆ ಹಾಕಿದವರು ಡಾ. ಸಿಸಿಲಿ ವಿಲಿಯಮ್ಸ್. 1893ರಲ್ಲಿ ಜಮೈಕಾ ದ್ವೀಪದಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿದ ಈಕೆ 1929ರಲ್ಲಿ ಬ್ರಿಟಿಷ್ ವಸಾಹತು ವೈದ್ಯಕೀಯ ಸೇವೆಯ ವೈದ್ಯೆಯಾಗಿ ಗೋಲ್ಡ್ ಕೋಸ್ಟ್‌ಗೆ ಬಂದರು. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಕಂಡ ಈ ಬೇನೆಗೆ ಆಹಾರದ ಕೊರತೆಯೇ ಮೂಲ ಎಂದು 1933ರಲ್ಲಿ ಬರೆದರು. 1935ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಲೇಖನಕ್ಕೆ ಆ ಗಾ ಪದವನ್ನೇ ಶೀರ್ಷಿಕೆಯಾಗಿ ಇಟ್ಟರು. ಇದು ಹೊಸ ಕಾಯಿಲೆಯೇನಲ್ಲ, ಪೆಲಾಗ್ರಾ ಎಂಬ ಹಳೆಯ ಕಾಯಿಲೆಯೇ ಎಂದು ಲಂಡನ್ನಿನ ತಜ್ಞ ಹ್ಯೂ ಸ್ಟ್ಯಾನಸ್ ತಳ್ಳಿಹಾಕಿದರು. ತಾಯಂದಿರನ್ನು ಕೇಳಿ ಬರೆದ ವೈದ್ಯೆಯ ಮಾತಿಗಿಂತ ದೂರದಲ್ಲಿ ಕುಳಿತವರ ಮಾತಿಗೆ ತೂಕ ಹೆಚ್ಚಿದ್ದ ಕಾಲ ಅದು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ-ಮಗು ವಿಭಾಗಕ್ಕೆ ವಿಲಿಯಮ್ಸ್ ಅವರೇ ಮೊದಲ ಮುಖ್ಯಸ್ಥೆಯಾದರು.

ಕ್ವಾಶಿಯೋರ್ಕರ್ ಆಫ್ರಿಕಾದ ಪದವಾದರೂ ಆ ಮಗು ಎಲ್ಲ ಕಡೆಯೂ ಇದೆ. ನಮ್ಮಲ್ಲಿ ತಾಯಿ ಮತ್ತೆ ಬಸುರಿಯಾದಳೆಂದರೆ ಎದೆಗೆ ಬೇವಿನ ರಸ ಹಚ್ಚಿ ಹಾಲು ಬಿಡಿಸುವ ರೂಢಿ ಹೊಸದಲ್ಲ. ನಾಮಕರಣ, ಅನ್ನಪ್ರಾಶನ, ಹೊಸಿಲು ದಾಟಿದ್ದಕ್ಕೆ ಸಿಹಿ, ಹುಟ್ಟುಹಬ್ಬ ಎಂದು ಮೊದಲ ವರ್ಷವೆಲ್ಲ ಮಗುವಿಗೆ ಸಂಭ್ರಮ. ಚೌಲವನ್ನು ಒಂದನೆಯ ಅಥವಾ ಮೂರನೆಯ ವರ್ಷಕ್ಕೆ ಇಟ್ಟುಕೊಳ್ಳುತ್ತಾರೆ. ನಡುವಿನ ಎರಡನೆಯ ವರ್ಷಕ್ಕೆ ಒಂದು ಶಾಸ್ತ್ರವೂ ಇಲ್ಲವೆಂಬುದು ಕಾಕತಾಳೀಯವಿರಬಹುದು.

ಆದರೆ ಆ ವರ್ಷದಲ್ಲಿ ನಡೆಯುವುದು ಸಣ್ಣ ಸಂಗತಿಯಲ್ಲ. ಮೊದಲ ವರ್ಷ ಮೂರು ಪಟ್ಟಾಗುವ ತೂಕ ಎರಡನೆಯ ವರ್ಷ ಏರುವುದು ಸುಮಾರು ಎರಡೂವರೆ ಕಿಲೋ ಮಾತ್ರ. ಎತ್ತರ ಹನ್ನೆರಡು ಸೆಂಟಿಮೀಟರಿನಷ್ಟು ಹೆಚ್ಚುತ್ತದೆ. ದುಂಡಗಿದ್ದ ಮಗು ಸಪೂರವಾಯಿತೆಂದು ಅಜ್ಜಿಯರು ದೃಷ್ಟಿ ತೆಗೆಯುವುದೂ ಇದೇ ಹೊತ್ತಿಗೆ. ಎರಡು ತುಂಬುವಷ್ಟರಲ್ಲಿ ಮಿದುಳು ವಯಸ್ಕರ ಮಿದುಳಿನ ಗಾತ್ರದ ಮುಕ್ಕಾಲು ಪಾಲು ಮುಟ್ಟಿರುತ್ತದೆ. ನಡಿಗೆ, ಮಾತು, ಹಟ ಎಲ್ಲವೂ ಈ ಹನ್ನೆರಡು ತಿಂಗಳಲ್ಲೇ. ಎದೆಹಾಲು ಮುಂದುವರಿದಿದ್ದರೂ ದಿನಕ್ಕೆ ಸುಮಾರು 550 ಕ್ಯಾಲೊರಿ ಬೇರೆ ಆಹಾರದಿಂದ ಬರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದನ್ನು ತುಂಬಿಕೊಳ್ಳಬೇಕಾದ ಹೊಟ್ಟೆ ಮಾತ್ರ ಒಂದು ದೊಡ್ಡ ಲೋಟದಷ್ಟು.

ಈ ಲೋಟದ ಲೆಕ್ಕ ವಿಜ್ಞಾನಿಗಳಿಗೆ ತಡವಾಗಿ ಹೊಳೆಯಿತು. 1950 ಮತ್ತು 60ರ ದಶಕಗಳಲ್ಲಿ ಲೋಕವೆಲ್ಲ ಪ್ರೋಟೀನ್ ಜಪದಲ್ಲಿ ಮುಳುಗಿತ್ತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯ, ಜನರ ನಾಲಿಗೆಯಲ್ಲಿ ಸಿಎಫ್‌ಟಿಆರ್‌ಐ, ಕಡಲೆಕಾಯಿ ಹಿಂಡಿಯ ಹಿಟ್ಟು ಮತ್ತು ಕಡಲೆ ಹಿಟ್ಟು ಬೆರೆಸಿ ‘ವಿವಿಧೋದ್ದೇಶ ಆಹಾರ’ ತಯಾರಿಸಿತ್ತು. 1970ರ ಸುಮಾರಿಗೆ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಬೇರೆಯೇ ವಾದ ಹೂಡಿದರು. ಮಗು ತನ್ನ ಮನೆಯ ಧಾನ್ಯ, ಬೇಳೆಗಳನ್ನೇ ಹೊಟ್ಟೆ ತುಂಬ ಉಂಡರೆ ಬೇಕಾದ ಪ್ರೋಟೀನ್ ಬಹುಮಟ್ಟಿಗೆ ಅದರಲ್ಲೇ ಸಿಗುತ್ತದೆ, ಕೊರತೆ ಇರುವುದು ಒಟ್ಟು ಊಟದಲ್ಲಿ ಎಂದರು. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ‘ಲ್ಯಾನ್ಸೆಟ್’ನಲ್ಲಿ ಪ್ರೋಟೀನ್ ಹುಚ್ಚನ್ನು ಮಹಾ ಅವಾಂತರವೆಂದೇ ಕರೆದರು.

ಹೊಟ್ಟೆ ತುಂಬ ಉಣ್ಣುವುದು ಹೇಗೆ? ತೊಡಕಿರುವುದು ಅಲ್ಲೇ. ರಾಗಿಹಿಟ್ಟು ಕುದಿಸಿದರೆ ಅದರ ಪಿಷ್ಟ ನೀರು ಹೀರಿ ಉಬ್ಬಿ ಗಟ್ಟಿಯಾಗುತ್ತದೆ. ಹಲ್ಲು ಪೂರ್ತಿ ಬಾರದ ಮಗು ಅದನ್ನು ನುಂಗದು. ತಾಯಿ ನೀರು ಬೆರೆಸಿ ತೆಳು ಮಾಡುತ್ತಾಳೆ. ಮಗು ಬಟ್ಟಲು ಖಾಲಿ ಮಾಡಿ ಸುಮ್ಮನಾಗುತ್ತದೆ. ಹೊಟ್ಟೆ ತುಂಬಿದ್ದು ಬಹುಪಾಲು ನೀರಿನಿಂದ.

ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೇರು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿದರೆ ಕಥೆ ಬದಲಾಗುತ್ತದೆ. ಮೊಳೆಯುವ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಉದ್ದ ಸರಪಳಿಯನ್ನು ತುಂಡರಿಸುತ್ತದೆ. ಹಾಗಾಗಿ ಅಷ್ಟೇ ತೆಳುವಾದ ಗಂಜಿಯಲ್ಲಿ ಸುಮಾರು ಎರಡು ಪಟ್ಟು ಹಿಟ್ಟು ಹಿಡಿಸುತ್ತದೆ. ಉರಿ ಜೋರಾದರೆ ಕಿಣ್ವ ಸಾಯುತ್ತದೆ. ಹುರಿಯುವಾಗ ಹದ ಬೇಕೆಂಬ ಮಾತಿಗೆ ಘಮವೊಂದೇ ಕಾರಣವಲ್ಲ. 1980ರ ದಶಕದ ಆರಂಭದಲ್ಲಿ ಸಿಎಫ್‌ಟಿಆರ್‌ಐನ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಮೊಳಕೆ ರಾಗಿ ಮತ್ತು ಹೆಸರುಕಾಳು ಬಳಸಿ, ಬೇಯಿಸಿದರೂ ಗಟ್ಟಿಯಾಗದ ಶಿಶು ಆಹಾರ ರೂಪಿಸಿದರು. ನಮ್ಮ ಮನೆಗಳ ‘ರಾಗಿ ಸರಿ’ಗೆ ದೊರೆತ ವಿಜ್ಞಾನದ ವಿವರಣೆ ಅದು.

ಅಜ್ಜಿಯರ ಜಾಣ್ಮೆಯನ್ನು ಹೊಗಳುವುದು ಸುಲಭ. ಆದರೆ ರಾಗಿ ಸರಿಗೆ ಮೂರು ನಾಲ್ಕು ದಿನದ ಬಿಡುವು ಬೇಕು, ಮಾಡಿಕೊಡುವ ಇನ್ನೊಂದು ಜೀವ ಮನೆಯಲ್ಲಿರಬೇಕು. ಬೆಳಗಾಗುತ್ತಲೇ ಕೂಲಿಗೆ ಹೊರಡುವವಳಿಗೆ ಅದೂ ಇಲ್ಲ, ಇದೂ ಇಲ್ಲ. ಆಕೆಯ ಕೂಸು ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲೆ ಬೆಳೆಯುತ್ತದೆ.

ಊಟವೊಂದೇ ಸಾಲದೆಂಬುದು ತಿಳಿದದ್ದು ವಿಲಿಯಮ್ಸ್ ಹುಟ್ಟಿದ ಜಮೈಕಾದಲ್ಲಿ. 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, 9ರಿಂದ 24 ತಿಂಗಳ, ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೊಂದು ಕಿಲೋ ಹಾಲಿನಪುಡಿ ಆಹಾರ. ಇನ್ನೊಂದಕ್ಕೆ ಆಟ. ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಮನೆಗೆ ಬಂದು ಒಂದು ತಾಸು ಮಗುವಿನೊಡನೆ ಆಡುವುದನ್ನು, ಮಾತಾಡುವುದನ್ನು ತಾಯಿಗೆ ತೋರಿಸುತ್ತಿದ್ದಳು. ಆಟಿಕೆಗಳೋ, ಖಾಲಿ ಬಾಟಲಿ, ರಟ್ಟು, ಮರದ ತುಂಡು. ಮೂರನೆಯ ಗುಂಪಿಗೆ ಎರಡೂ, ನಾಲ್ಕನೆಯದಕ್ಕೆ ಯಾವುದೂ ಇಲ್ಲ. ಎರಡು ವರ್ಷದ ಕೊನೆಗೆ ಎರಡೂ ಸಿಕ್ಕ ಮಕ್ಕಳೇ ಮುಂದಿದ್ದರು. ಮುಂದಿನ ವರ್ಷಗಳಲ್ಲಿ ಆಹಾರದಿಂದ ಬುದ್ಧಿಗೆ ಆಗಿದ್ದ ಲಾಭ ಮಸುಕಾಯಿತು, ಆಟದ್ದು ಉಳಿಯಿತು. 20 ವರ್ಷದ ನಂತರ ನೋಡಿದರೆ ಆಟ ದೊರೆತವರ ಗಳಿಕೆ ದೊರೆಯದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. 2014ರಲ್ಲಿ ಇದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಭಾರತ ಸರ್ಕಾರ ಊಟವನ್ನೂ ಆಟವನ್ನೂ ಒಂದೇ ಸೂರಿನಡಿ ತರಲು ಹೊರಟಿದ್ದು 1975ರ ಅಕ್ಟೋಬರ್ 2ರಂದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಮೊದಲಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಂಗನವಾಡಿ ಎಂಬ ಪದ ಊರೂರಿಗೂ ಹಬ್ಬಿದ್ದು ಹೀಗೆ. ಆದರೆ ಅಂಗನವಾಡಿಯ ಬಿಸಿಯೂಟ, ಹಾಡು, ಆಟ ಮೂರರಿಂದ ಆರು ವರ್ಷದವರಿಗೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಪಡಿತರದ ಪೊಟ್ಟಣ. ಆ ಪೊಟ್ಟಣ ಮನೆ ಮುಟ್ಟಿದ ಮೇಲೆ ಎಷ್ಟು ಜನರಿಗೆ ಹಂಚಿಹೋಗುತ್ತದೆ ಎಂದು ಯಾರು ನೋಡುತ್ತಾರೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರರಿಂದ 23 ತಿಂಗಳ ಮಕ್ಕಳ ಪೈಕಿ ಸಾಕಷ್ಟು ಆಹಾರ ಸಿಗುತ್ತಿದ್ದುದು ಶೇ 11ರಷ್ಟು ಮಕ್ಕಳಿಗೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

ಬಾಗಿಲ ಹೊರಗೆ ಉಳಿದ ಈ ವಯಸ್ಸಿನವರ ಕಡೆ ಇತ್ತೀಚೆಗೆ ಗಮನ ಹರಿದಿದೆ. ದುಡಿಯುವ ಗ್ರಾಮೀಣ ತಾಯಂದಿರ ಎಳೆಯ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. 2024ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ ‘ನವಚೇತನ’ ಎಂಬ ಕೈಪಿಡಿ ಹೊರತಂದಿತು. ತಿಂಗಳಿಗೆ ತಕ್ಕ ಆಟಗಳನ್ನು ಅಂಗನವಾಡಿ ಕಾರ್ಯಕರ್ತೆ ಮನೆಮನೆಗೆ ಹೋಗಿ ತೋರಿಸಬೇಕೆಂಬುದು ಅದರ ಆಶಯ. ದೊಡ್ಡ ಮಕ್ಕಳ ಪಾಠ, ಊಟ, ತೂಕ, ಮೊಬೈಲ್‌ನಲ್ಲಿ ಲೆಕ್ಕ ತುಂಬುವುದು ಎಲ್ಲ ಮುಗಿಸಿ ಆಕೆ ಹೊರಡಬೇಕು. ಅಷ್ಟು ಹೊತ್ತಿಗೆ ಎಷ್ಟೋ ಮನೆಗಳಲ್ಲಿ ತಾಯಿ ಹೊಲದಲ್ಲಿರುತ್ತಾಳೆ. ಆಟ ಕಲಿಯಲು ಸಿಗುವವಳು ಮಗುವನ್ನು ಸೊಂಟಕ್ಕೇರಿಸಿಕೊಂಡ ಅಕ್ಕ.